ಪಾವಡಿಪುದೂರಿನ ಐವತ್ತೆಂಟು ಹೆಂಗಸರು

ಹುಣಸೆಬೀಜದ ಪುಡಿಯನ್ನು ನೀರಿನಲ್ಲಿ ಕುದಿಸಿ, ಗಂಟಾಗದಂತೆ ತಿರುವಿ, ಹುಳ ಹತ್ತದಿರಲೆಂದು ಕೊನೆಗೆ ಚಿಟಿಕೆ ಮೈಲುತುತ್ತ ಹಾಕಿದರೆ ಒಂದು ವಾಸನೆ ಏಳುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ಸೀದ ಹಾಗೆ, ಅದರ ಹಿಂದೆಯೇ ತೊಳೆಯದ ತಾಮ್ರದ ಚೊಂಬಿನ ಹಾಗೆ. ವೇದವತಿಯಮ್ಮನಿಗೆ ಬಾಲ್ಯ ಎಂದರೆ ಆ ವಾಸನೆ. ಅವರ ತಂದೆ ನಾರಾಯಣ ಮೇಷ್ಟ್ರು ಪ್ರತಿ ಬೇಸಿಗೆ ರಜೆಯಲ್ಲೂ ಶಾಲೆಯ ಲೈಬ್ರರಿಯ ಹರಿದ ಪುಸ್ತಕಗಳನ್ನು ಸೈಕಲ್ಲಿನಲ್ಲಿ ಮನೆಗೆ ತಂದು, ಈ ಅಂಟಿನಲ್ಲಿ ರಟ್ಟು ಕಟ್ಟಿ, ಜೂನ್‌ನಲ್ಲಿ ಯಾರಿಗೂ ಹೇಳದೆ ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದರು. ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಗುರುವಾರ ಮಧ್ಯಾಹ್ನ, ಆ ವಾಸನೆ ಅವರ ಮುಂದೆಯೇ ಮೇಜಿನ ಮೇಲೆ ತೆರೆದುಕೊಂಡಿತು. ಅವರ ಕೊಯಮತ್ತೂರಿನ ಮನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದ ನಿತ್ಯಾ ಕಾಲೇಜಿನಿಂದ ಹೊತ್ತು ತಂದಿದ್ದ ಹಳೆಯ ಜನಗಣತಿ ಸಂಪುಟವೊಂದನ್ನು ಬಿಡಿಸಿದ್ದಳು.

ನಿತ್ಯಾ ಮದುಕ್ಕರೈಯವಳು. ಅವಳಪ್ಪ ದಂಡಪಾಣಿ ಅಲ್ಲಿಯ ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತನಾದವನು. ಮನೆಮಾತು ಕನ್ನಡವಾದರೂ ಅವಳಿಗೆ ಕನ್ನಡ ಓದಲು ಬಾರದು. ಅದರಲ್ಲಿ ಬೇಸರಪಡುವಂಥದ್ದೇನೂ ಅವಳಿಗಾಗಲಿ ವೇದವತಿಯಮ್ಮನಿಗಾಗಲಿ ಕಾಣಿಸಿರಲಿಲ್ಲ. ಅವಳ ಪಿಎಚ್‌ಡಿಯ ವಿಷಯ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಪ್ರತಿ ಹಳ್ಳಿಯಲ್ಲೂ ಅರವತ್ತು ವರ್ಷಗಳಲ್ಲಿ ಯಾರು ಯಾವ ಕೆಲಸ ಮಾಡುತ್ತಿದ್ದರು ಎಂಬುದನ್ನು ಜನಗಣತಿಯ ಕೋಷ್ಟಕಗಳಿಂದ ಎತ್ತಿ ನಕ್ಷೆಯ ಮೇಲೆ ಬಣ್ಣವಾಗಿ ಇಡಬೇಕು. ಹೊಲಕ್ಕೆ ಹಸಿರು, ಗಿರಣಿಗೆ ನೀಲಿ, ಮನೆಯಲ್ಲೇ ನಡೆಯುವ ನೇಯ್ಗೆಯಂಥ ಉದ್ಯೋಗಕ್ಕೆ ಕೇಸರಿ. ಕೇಸರಿಯಲ್ಲೂ ಹೆಂಗಸರಿಗೊಂದು ನಕ್ಷೆ, ಗಂಡಸರಿಗೊಂದು.

ಹಳೆಯ ಅಚ್ಚು ಮಾಸಿತ್ತು. ಮೂರು ಯಾವುದು, ಎಂಟು ಯಾವುದು ಎಂದು ನಿತ್ಯಾಳಿಗೆ ತಿಳಿಯುತ್ತಿರಲಿಲ್ಲ. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದ ವೇದವತಿಯಮ್ಮನಿಗೆ ತಿಳಿಯುತ್ತಿತ್ತು. ಹೀಗಾಗಿ ಅವರು ಓದುವುದು, ಅವಳು ಕಂಪ್ಯೂಟರಿಗೆ ಹಾಕುವುದು ಎಂದು ಆರು ತಿಂಗಳಿಂದ ನಡೆದಿತ್ತು. ಅಜ್ಜಿಯ ಮಂಡಿ ನೋವು ಕಂಡ ಮೇಲೆ ನಿತ್ಯಾ ಒಮ್ಮೆಯೂ ಅವರನ್ನು ಮಹಡಿಗೆ ಕರೆದಿರಲಿಲ್ಲ. ಆ ದಪ್ಪ ಸಂಪುಟಗಳನ್ನು ತಾನೇ ಎದೆಗವಚಿಕೊಂಡು ಇಳಿಯುತ್ತಿದ್ದಳು.

"ಉಡುಮಲೈ ತಾಲೂಕು ಮುಗೀತು ಅಂತ ಇಟ್ಕೊಳ್ಳಿ ಅಜ್ಜಿ," ಎಂದಳು ಅವಳು ಅಂದು. "ಒಂದೇ ಒಂದು ಊರು ತಕರಾರು. ಸೋಮಸುಂದರಂ ಸಾರ್ ನೆನ್ನೆ ನೋಡಿ ನಕ್ಕರು. ಆ ಕಾಲದ ಅಚ್ಚಿನವರು ಗಂಡಸರ ಕಾಲಂ ಹೆಂಗಸರಿಗೆ, ಹೆಂಗಸರದ್ದು ಗಂಡಸರಿಗೆ ಮಾತ್ತಿ, ಅದಲುಬದಲಾಗಿ ಹಾಕಿದ್ದಾರೆ, ತಿರುಗಿಸಿ ಹಾಕಿಬಿಡು ಅಂದರು."

ಸೋಮಸುಂದರಂ ಅವಳ ಗೈಡು. ಸೋಮವಾರ ಬೆಳಿಗ್ಗೆ ನಕ್ಷೆಗಳೆಲ್ಲ ಅವರ ಕೈ ಸೇರಬೇಕಿತ್ತು. ಅದಾದ ಮೇಲೆ ಒಂದು ಚುಕ್ಕೆಯನ್ನೂ ಅಲುಗಿಸುವಂತಿರಲಿಲ್ಲ.

"ಯಾವ ಊರು?"

"ಪಾವಡಿಪುದೂರು. ಮಡತ್ತುಕುಳಂ ಹತ್ರ. ನಲವತ್ತೊಂದು ಮನೆ, ಎಲ್ಲಾ ನೇಯ್ಗೆಯವರು, ಕನ್ನಡ ಮಾತಾಡೋ ನಮ್ಮವರೇ. ನೋಡಿ, ಅರವತ್ತೊಂದರಲ್ಲಿ ಮನೆ ಉದ್ಯೋಗ ಮಾಡೋ ಗಂಡಸರು ಐವತ್ತೆರಡು, ಹೆಂಗಸರು ಸೊನ್ನೆ. ಎಂಬತ್ತೊಂದರಲ್ಲಿ ಗಂಡಸರು ಅರವತ್ತೊಂದು, ಹೆಂಗಸರು ನಾಲ್ಕು. ನಡುವೆ ಎಪ್ಪತ್ತೊಂದರಲ್ಲಿ ಮಾತ್ರ ಗಂಡಸರು ಒಂಬತ್ತು, ಹೆಂಗಸರು ಐವತ್ತೆಂಟು. ಅದು ಹೆಂಗೆ ಆಗುತ್ತೆ? ತಿರುಗಿಸಿ ಹಾಕಿದರೆ ಎಲ್ಲಾ ಕರೆಕ್ಟಾಗಿ ಕೂತ್ಕೊಳ್ಳುತ್ತೆ."

ವೇದವತಿಯಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಆ ಸಾಲನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಅಚ್ಚಿನವರನ್ನ ಬೈಬೇಡ ಕಣೇ," ಎಂದರು. "ಅದು ಬರೆದವಳು ನಾನು."

ನಿತ್ಯಾ ಮೊದಲು ನಂಬಲಿಲ್ಲ. ಆಮೇಲೆ ಕೇಳಿದಳು. ಎಪ್ಪತ್ತೊಂದರ ಮಾರ್ಚಿನಲ್ಲಿ ವೇದವತಿಗೆ ಇಪ್ಪತ್ತೆರಡು ವರ್ಷ, ಮಡತ್ತುಕುಳಂ ಶಾಲೆಯಲ್ಲಿ ಹೊಸ ಟೀಚರು. ಗಣತಿ ಕೆಲಸಕ್ಕೆ ಪಾವಡಿಪುದೂರನ್ನು ಅವರಿಗೆ ಹಂಚಿದ್ದರು. ಊರು ಸಣ್ಣದು, ಪೂರಾ ಒಬ್ಬರ ಪಾಲಿಗೇ ಬಂದಿತ್ತು. ಪರೀಕ್ಷೆ ಹತ್ತಿರವಿದ್ದುದರಿಂದ ಒಂದೇ ದಿನ ಹೋಗಿ, ಬೆಳಗಿನಿಂದ ಸಂಜೆಯವರೆಗೆ ನಲವತ್ತೊಂದು ಮನೆ ಹತ್ತಿ ಇಳಿದು ಮುಗಿಸಿದ್ದರು.

"ಹಾಗಾದರೆ ಅಲ್ಲಿ ನಿಜವಾಗ್ಲೂ ಹೆಂಗಸರೇ ನೆಯ್ತಿದ್ದರಾ?"

ವೇದವತಿಯಮ್ಮ ಪುಸ್ತಕ ಮುಚ್ಚಿ, "ಶನಿವಾರ ನಿನಗೆ ಪುರುಸೊತ್ತಿದೆಯಾ?" ಎಂದು ಕೇಳಿದರು.

ಶನಿವಾರ ಬೆಳಿಗ್ಗೆ ಉಕ್ಕಡಂ ನಿಲ್ದಾಣದಲ್ಲಿ ಪಳನಿ ಬಸ್ಸು ಹತ್ತಿದರು. ಕಂಡಕ್ಟರು ಅಜ್ಜಿಯ ಕಾಲು ನೋಡಿ, ತಾನು ಕೂರುವ ಮುಂದಿನ ಸೀಟಿನಿಂದ ಟಿಕೆಟ್ ಚೀಲ ಎತ್ತಿಕೊಂಡು, ಏನೂ ಹೇಳದೆ ಹಿಂದೆ ಹೋಗಿ ನಿಂತ. ಪೊಳ್ಳಾಚಿಯವರೆಗೆ ಅವನು ನಿಂತೇ ಇದ್ದ. ವೇದವತಿಯಮ್ಮ ಇಂಥದ್ದನ್ನೆಲ್ಲ ನೋಡದೆ ಬಿಡುವವರಲ್ಲ. ಇಳಿಯುವಾಗ ಅವನ ಹೆಸರು ಕೇಳಬೇಕೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು. ಆದರೆ ಇವತ್ತು ಮನಸ್ಸು ಪೂರ್ತಿ ಅಲ್ಲಿರಲಿಲ್ಲ.

ಪೊಳ್ಳಾಚಿ ದಾಟಿ, ಉಡುಮಲೈ ಕಡೆಯ ಗಾಳಿಯಂತ್ರಗಳು ಕಾಣತೊಡಗಿದಾಗ ಅವರು ಬಾಯಿ ಬಿಟ್ಟರು.

"ನಿನಗೆ ಅರ್ಧ ಮಾತ್ರ ಹೇಳಿದೆ ನಿತ್ಯಾ. ಆ ದಿನ ಊರಲ್ಲಿ ಒಂದು ಮಗ್ಗದ ಸದ್ದಿರಲಿಲ್ಲ. ಗಂಡಸರೂ ಇರಲಿಲ್ಲ. ಇದ್ದವರೆಲ್ಲ ಹೆಂಗಸರು. ನಿನ್ನ ಗಂಡ ಏನು ಕೆಲಸ ಮಾಡ್ತಾನಮ್ಮ ಅಂದರೆ, ಏನೂ ಇಲ್ಲ ಟೀಚರೇ, ಊಟದ ಹೊತ್ತಿಗೆ ಬರ್ತಾನೆ ಅನ್ನೋರು. ಮತ್ತೆ ನೀನು? ನಾನೇ ಎಲ್ಲಾ, ಬರ್ಕೊಳ್ಳಿ ಅನ್ನೋರು. ಒಬ್ಬಳಲ್ಲ, ಮನೆ ಮನೆಯಲ್ಲೂ ಅದೇ ಮಾತು. ಮಗ್ಗಗಳು ಸುಮ್ಮನೆ ನಿಂತಿದ್ದವು, ನಾನು ನಂಬಿದೆ. ನೂಲು ಸಿಗದ ಕಾಲ, ಪಾಪ ಗಂಡಸರಿಗೆ ಕೆಲಸ ಇಲ್ಲ ಅಂದ್ಕೊಂಡೆ."

"ನೀವು ಮಾಡಿದ್ದರಲ್ಲಿ ತಪ್ಪೇನಿದೆ? ಹೇಳಿದ್ದು ಬರೆದಿದೀರಿ."

"ಕೇಳು. ಏಪ್ರಿಲ್ ಒಂದಕ್ಕೆ ಎರಡನೇ ಸುತ್ತು ಹೋಗಬೇಕಿತ್ತು, ನಡುವೆ ಯಾರಾದರೂ ಹುಟ್ಟಿದರಾ ಸತ್ತರಾ ಅಂತ ನೋಡೋಕೆ. ಊರ ಹೊರಗಿಂದಲೇ ಕೇಳಿಸ್ತು, ಟಕ ಟಕ, ಟಕ ಟಕ. ಐವತ್ತು ಮಗ್ಗ. ಐವತ್ತರ ಮುಂದೂ ಗಂಡಸರು. ಅವತ್ತೇ ತಿದ್ದಬಹುದಿತ್ತು. ಗಣತಿಗೆ ಸೂಪರ್‌ವೈಸರೂ ಆಗಿದ್ದ ಹೆಡ್‌ಮಾಸ್ಟರ್ ತಿರುಮೂರ್ತಿಯವರು ಆಗಲೇ ನನ್ನ ಮೊತ್ತ ಒಪ್ಪಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೊಗಳಿದ್ದರು, ಹೊಸ ಹುಡುಗಿ ಒಂದು ಅಳಿಸಿದ ಗುರುತಿಲ್ಲದೆ ಬರೆದಿದ್ದಾಳೆ ಅಂತ. ಆ ಹೊಗಳಿಕೆ ಬಿಟ್ಟುಕೊಡೋಕೆ ನನ್ನ ಕೈಲಿ ಆಗಲಿಲ್ಲ."

ನಿತ್ಯಾ ಕಿಟಕಿಯ ಆಚೆ ನೋಡಿದಳು. ಅಜ್ಜಿಯ ಮುಖ ನೋಡಿದರೆ ಅವರಿಗೆ ಇನ್ನೂ ಕಷ್ಟವಾಗಬಹುದೆಂದು ಹಾಗೆ ಮಾಡಿದಳು. ವೇದವತಿಯಮ್ಮನಿಗೆ ಅದೂ ತಿಳಿಯಿತು.

"ಗಂಡಸರ ಲೆಕ್ಕ ಸುಳ್ಳು ಅಂತ ನನಗೆ ಐವತ್ತನಾಲ್ಕು ವರ್ಷದಿಂದ ಗೊತ್ತು," ಎಂದರು. "ಹೆಂಗಸರ ಐವತ್ತೆಂಟೂ ತಮಾಷೆಗೇ ಹೇಳಿದ್ದಾ, ನಿಜವಾ, ಅದು ಗೊತ್ತಿಲ್ಲ. ಸುಳ್ಳಾದರೆ ನಿಮ್ಮ ಸಾರ್ ಹೇಳಿದ ಹಾಗೆ ತಿರುಗಿಸಿ ಹಾಕಿಬಿಡು. ನಿಜವಾದರೆ, ಸುತ್ತ ಎಲ್ಲಾ ಕಡೆ ಸೊನ್ನೆ ಇರೋ ಆ ನಕ್ಷೆಯಲ್ಲಿ ಅವರು ಇರೋದು ಅದೊಂದೇ ಚುಕ್ಕೆಯಲ್ಲಿ. ಅಳಿಸೋ ಮೊದಲು ಒಂದು ಸಲ ಕೇಳೋಣ."

ಮಡತ್ತುಕುಳಂನಿಂದ ಆಟೋ. ಅಮರಾವತಿಯ ಕಾಲುವೆಗೆ ನೀರು ಬಿಟ್ಟಿದ್ದರು, ರಸ್ತೆಯ ಎರಡೂ ಕಡೆ ನಾಟಿ ನಡೆದಿತ್ತು. ಪಾವಡಿಪುದೂರಿನಲ್ಲಿ ಈಗ ಕೈಮಗ್ಗ ಎರಡೋ ಮೂರೋ. ಹಿಂದೆ ಬೆಳಗಿನ ಜಾವ ಉದ್ದಕ್ಕೆ ನೂಲು ಹಾಸಿ ಗಂಜಿ ಹಾಕುತ್ತಿದ್ದ ನಡುಬೀದಿಯಲ್ಲಿ ತಿರುಪ್ಪೂರಿನ ಬನಿಯನ್ ಕಂಪನಿಯ ಬಿಳಿ ವ್ಯಾನಿನ ಚಕ್ರದ ಗುರುತಿತ್ತು.

ಕುಪ್ಪಮ್ಮನ ಮನೆಯನ್ನು ಆಟೋದವನೇ ತೋರಿಸಿದ. ಊರಿಗೆಲ್ಲ ಹಿರಿಯಳು, ಎಂಬತ್ತೆಂಟೋ ತೊಂಬತ್ತೋ. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು.

"ಯಾರು ಕಣ್ಣು?" ಎಂದಳು, ಮಗು ಎಂದು ಕರೆಯುವ ಹಾಗೆ.

"ನಾನಮ್ಮ, ಟೀಚರು. ಮಡತ್ತುಕುಳಂ ಶಾಲೆಯಲ್ಲಿದ್ದೆ. ತುಂಬಾ ವರ್ಷದ ಹಿಂದೆ ಇಲ್ಲಿ ಜನರ ಲೆಕ್ಕ ತೆಗೆಯೋಕೆ ಬಂದಿದ್ದೆ."

ಕುಪ್ಪಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಅಮಾಸೆ ದಿನ ಬಂದಿರಲ್ಲ, ಅವರಾ? ಎರಡು ಜಡೆ ಹಾಕ್ಕೊಂಡು?"

"ಎರಡು ಜಡೆ ಸರಿ. ಅಮಾವಾಸ್ಯೆಯೋ ಏನೋ ನೆನಪಿಲ್ಲ."

"ನಮಗೆ ನೆನಪದೆ. ಯಾಕಮ್ಮಣಿ, ಇನ್ನೂ ಮುಗೀಲಿಲ್ಲವಾ ನಿಮ್ಮ ಲೆಕ್ಕ?"

ನಿತ್ಯಾ ನಕ್ಕುಬಿಟ್ಟಳು. ವೇದವತಿಯಮ್ಮ ನಗಲಿಲ್ಲ. "ಮುಗೀಲಿಲ್ಲಮ್ಮ. ಅದಕ್ಕೇ ಬಂದೆ," ಎಂದು ಜಗಲಿಯ ತುದಿಯಲ್ಲಿ ಕೂತರು.

ನಿನ್ನ ಗಂಡನ ವಿಷಯ ನೀನು ನನಗೆ ಹೀಗೆ ಬರೆಸಿದ್ದೆ ಎಂದು ಕೇಳಬೇಕಿತ್ತು. ಆದರೆ ಗಣತಿಯಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮುಂದೆ ಆಡುವಂತಿಲ್ಲ. ಹಾಗೆಂದು ಅವರು ಅವತ್ತು ಮಾತು ಕೊಟ್ಟಿದ್ದರು, ಕಟ್ಟಿಕೊಂಡ ಗಂಡನ ಹತ್ತಿರವೂ ಒಂದು ಮನೆಯ ಸುದ್ದಿ ಎತ್ತಿರಲಿಲ್ಲ. ಪಕ್ಕದಲ್ಲಿ ನಿತ್ಯಾ ಇದ್ದಳು.

"ಅಮಾಸೆ ದಿನ ಏನು ವಿಶೇಷ ಪಾಟಿ?" ಎಂದು ನಿತ್ಯಾಳೇ ಮುದುಕಿಯನ್ನು ಕೇಳಿ ದಾರಿ ಮಾಡಿದಳು.

"ತರಿಗೆ, ಮಗ್ಗಕ್ಕೆ, ರಜೆ ಕಣ್ಣು. ಅಮಾಸೆ ದಿನ ತರಿ ಮುಟ್ಟಕೂಡದು. ಗಂಡಸರೆಲ್ಲ ನೆಯ್ದ ಸೀರೆ ಗಂಟು ಕಟ್ಕೊಂಡು ಉಡುಮಲೈ ನೇಯ್ಗೆ ಸೊಸೈಟಿಗೆ ಹೋಗೋರು, ನೂಲು ತರೋಕೆ. ಹೋದರೆ ಸಂಜೆಗೇ ಬರೋದು. ಅವತ್ತು ಊರೆಲ್ಲ ನಮ್ಮದು." ಮಂಜುಗಣ್ಣು ಹೊಳೆಯಿತು. "ಸರಿಯಾಗಿ ಅವತ್ತೇ ಈ ಟೀಚರಮ್ಮ ಬಂದರು. ನಮ್ಮ ರಾಮಾಯಿ ಶುರು ಮಾಡಿದಳು. ಮೊದಲನೇ ಮನೆ ಅವಳದು. ನನ್ನ ಗಂಡ ಸುಮ್ಮನೆ ಕೂತಿರ್ತಾನೆ, ನಾನೇ ಎಲ್ಲಾ ಅಂತ ಬರೆಸಿ, ಹಿತ್ತಲ ಕಡೆಯಿಂದ ಓಡಿ ಎಲ್ಲಾ ಮನೆಗೂ ಹೇಳಿಬಿಟ್ಟಳು. ಟೀಚರು ಮುಂಬಾಗಿಲಲ್ಲಿ, ರಾಮಾಯಿ ಹಿಂಬಾಗಿಲಲ್ಲಿ."

ಅಮಾವಾಸ್ಯೆಯ ರಜೆ. ಇಪ್ಪತ್ತೆರಡರ ಹುಡುಗಿಗೆ, ಪೇಟೆಯಲ್ಲಿ ಬೆಳೆದ ಮೇಷ್ಟ್ರ ಮಗಳಿಗೆ ಅದು ಗೊತ್ತಿರಲಿಲ್ಲ; ಅವಳು ಕೇಳಲೂ ಇಲ್ಲ. ನಿಂತ ಮಗ್ಗ ನೋಡಿ ನಿಂತ ಬದುಕು ಎಂದುಕೊಂಡಿದ್ದಳು.

"ಯಾಕೆ ಹಾಗೆ ಮಾಡಿದಿರಿ?" ವೇದವತಿಯಮ್ಮ ಮೆಲ್ಲಗೆ ಕೇಳಿದರು.

"ಯಾಕೆ ಅಂದರೆ?" ಕುಪ್ಪಮ್ಮನ ದನಿ ಒಂದಿಷ್ಟು ಗಟ್ಟಿಯಾಯಿತು. "ಅದಕ್ಕೆ ಹತ್ತು ವರ್ಷದ ಹಿಂದೆ ಇನ್ನೊಬ್ಬ ಸಾರ್ ಬಂದಿದ್ದ. ಆತ ಮನೆಗೇ ಬರಲಿಲ್ಲ. ಬೇವಿನ ಮರದ ಕೆಳಗೆ ಕೂತ್ಕೊಂಡು ಗಂಡಸರನ್ನ ಕರೆಸಿ ಬರ್ಕೊಂಡ. ರಾಮಾಯಿ ಟೀ ಕೊಡೋಕೆ ಹೋದಳು. ಅವಳ ಗಂಡನ್ನ ಕೇಳ್ತಿದ್ದ, ಹೆಂಡತಿ ಏನು ಮಾಡ್ತಾಳೆ? ಅವನು ಹೇಳ್ತಾನೆ, ಅವಳು ಮನೇಲಿ ಸುಮ್ಮನೆ ಇರ್ತಾಳೆ. ಅವಳ ಸೊಂಟದಲ್ಲಿ ಕೂಸು, ಕೈಯಲ್ಲಿ ಟೀ, ಬೆರಳಲ್ಲಿ ಗಂಜಿ ಒಣಗಿ ಬಿರಿದಿದೆ. ಸುಮ್ಮನೆ ಇರ್ತಾಳೆ. ಹತ್ತು ವರ್ಷ ಆ ಮಾತು ಮಡಿಚಿ ಇಟ್ಕೊಂಡಿದ್ದಳು ರಾಮಾಯಿ."

ನಿತ್ಯಾ ಬರೆಯುವುದನ್ನು ನಿಲ್ಲಿಸಿದ್ದಳು. ಅರವತ್ತೊಂದರ ಕೋಷ್ಟಕದ ಆ ಸೊನ್ನೆಯನ್ನು ಅವಳೇ ಎರಡು ಸಲ ಪರೀಕ್ಷಿಸಿ ಸರಿಯಿದೆ ಎಂದು ಗುರುತು ಮಾಡಿದ್ದಳು.

"ನಾನೇ ಎಲ್ಲಾ ಅಂದಿರಲ್ಲ," ವೇದವತಿಯಮ್ಮ ಕೇಳಿದರು. ಐವತ್ತನಾಲ್ಕು ವರ್ಷದ ಪ್ರಶ್ನೆ ಅದು. "ಅದೂ ತಮಾಷೆಯಾ? ನೀವು ಏನು ಕೆಲಸ ಮಾಡ್ತಿದ್ದಿರಿ?"

ಕುಪ್ಪಮ್ಮ ಎಡಗೈಯಿಂದ ಕಾಣದ ಎಳೆಯೊಂದನ್ನು ಹಿಡಿದಳು, ಬಲಗೈ ಕಾಣದ ರಾಟೆಯನ್ನು ತಿರುಗಿಸಿತು. ಎಡಗೈ ಮೇಲೆ ಕೆಳಗೆ, ಮೇಲೆ ಕೆಳಗೆ, ಎಳೆ ಒಂದೇ ಕಡೆ ದಪ್ಪವಾಗದ ಹಾಗೆ.

"ಇದು ತಾರು ಸುತ್ತೋದು. ಲಾಳಿ ಒಳಗೆ ಕೂರುತ್ತಲ್ಲ, ಆ ಕಡ್ಡಿ. ಒಂದು ತರಿಗೆ ಒಬ್ಬಳು ಬೇಕೇ ಬೇಕು. ನಾನು ಕೈ ಬಿಟ್ಟರೆ ಆತನ ಲಾಳಿ ಖಾಲಿ. ಬೆಳಗ್ಗೆ ನಾಲ್ಕಕ್ಕೆ ಬೀದಿಯಲ್ಲಿ ಪಾವಿನ ನೂಲು ಹಾಸಿ ಗಂಜಿ ಹಾಕಬೇಕು. ಕಿತ್ತುಹೋದ ಎಳೆ ಸೇರಿಸಬೇಕು. ಆತನಿಗೆ ಜ್ವರ ಬಂದರೆ ತರಿಗೂ ನಾನೇ ಇಳೀಬೇಕು."

"ಜನಗಣತಿಯಲ್ಲಿ ಮುಖ್ಯವಾಗಿ ಏನು ಕೆಲಸ ಅಂತ ಕೇಳ್ತಾರೆ ಪಾಟಿ," ನಿತ್ಯಾ ಹೇಳಿದಳು. "ಮನೆಗೆಲಸ ಮುಖ್ಯ ಅಂದರೆ ಉಳಿದದ್ದು ಲೆಕ್ಕಕ್ಕೆ ಬರೋದಿಲ್ಲ."

"ಒಲೆ ಮೇಲೆ ಸೋರು ಬೇಯೋವಾಗ ತಾರು ಸುತ್ತುತ್ತಿದ್ದೆನಾ, ತಾರು ಸುತ್ತೋವಾಗ ಸೋರು ಬೇಯುತ್ತಿತ್ತಾ? ನೀನೇ ಓದಿದವಳು, ಹೇಳು." ಕುಪ್ಪಮ್ಮ ಕೈ ಇಳಿಸಿದಳು. "ನಮ್ಮ ಲೆಕ್ಕದಲ್ಲಿ ಸುಳ್ಳಿಲ್ಲ ಅಮ್ಮಣಿ. ಗಂಡಸರ ಲೆಕ್ಕದಲ್ಲಿ ಮಾತ್ರ ಸ್ವಲ್ಪ ಉಪ್ಪು ಜಾಸ್ತಿ."

"ಒಂಬತ್ತು ಗಂಡಸರು ಕೆಲಸ ಮಾಡ್ತಾರೆ ಅಂತಲೂ ಬರೆಸಿದ್ದಾರಲ್ಲ, ಅವರು ಯಾರು?" ನಿತ್ಯಾಳಿಗೆ ಕುತೂಹಲ ತಡೆಯಲಾಗಲಿಲ್ಲ.

"ಒಂಬತ್ತು ಹೆಂಗಸರಿಗೆ ಮನಸ್ಸು ಬಂದಿರಲಿಕ್ಕಿಲ್ಲ. ಇರ್ತಾರಲ್ಲ ಅಂಥವರು."

"ನೀವು?"

"ನಾನು ಅವರಲ್ಲಿಲ್ಲ," ಎಂದಳು ಕುಪ್ಪಮ್ಮ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಹಲ್ಲಿಲ್ಲದ, ಹುಡುಗಿಯಂಥ ನಗು. "ಪಾಪ, ನನ್ನ ಗಂಡ ಬಂಗಾರದಂಥ ಆಳು. ಅವತ್ತು ಸಂಜೆ ಸೊಸೈಟಿಯಿಂದ ಬರೋವಾಗ ನನಗೆ ಅಂತ ಎಲೆಯಲ್ಲಿ ಹೂವು ಕಟ್ಟಿಸಿಕೊಂಡು ಬಂದ. ಸಾಯೋವರೆಗೂ ಆತನಿಗೆ ಹೇಳಲಿಲ್ಲ."

ನಿತ್ಯಾ ಬೀದಿಗಿಳಿದು ಸೋಮಸುಂದರಂ ಸಾರ್‌ಗೆ ಫೋನ್ ಮಾಡಿದಳು. ಆ ಕಡೆಯಿಂದ ಮೊದಲು ಬಂದದ್ದು ಅನುಮಾನ. ಐವತ್ತು ವರ್ಷದ ಹಿಂದಿನ ಮಾತು, ತೊಂಬತ್ತರ ಮುದುಕಿ, ಯಾರು ಒಪ್ಪುತ್ತಾರೆ ಎಂದರು. ಲೆಕ್ಕ ಬರೆದವರೇ ನನ್ನ ಜೊತೆ ಬಂದಿದ್ದಾರೆ ಸಾರ್, ತಪ್ಪು ಯಾವುದು ಸರಿ ಯಾವುದು ಎಂದು ಬರೆದು ಸಹಿ ಹಾಕಿ ಕೊಡುತ್ತಾರೆ ಎಂದಳು ನಿತ್ಯಾ. ಅಜ್ಜಿಯನ್ನು ಕೇಳದೆಯೇ ಹೇಳಿಬಿಟ್ಟಿದ್ದಳು. ತಿರುಗಿ ನೋಡಿದಾಗ ಜಗಲಿಯಿಂದ ವೇದವತಿಯಮ್ಮ ಆಗಲಿ ಎಂದು ತಲೆಯಾಡಿಸಿದರು.

"ಅಪ್ಪೊ ಮತ್ತ ಊರೋಡ ಜೀರೋ ಎಲ್ಲಾಂ?" ಎಂದರು ಸೋಮಸುಂದರಂ. ಹಾಗಾದರೆ ಸುತ್ತಲಿನ ಅಷ್ಟೂ ಊರುಗಳ ಸೊನ್ನೆಗಳು? ದನಿ ತಗ್ಗಿತ್ತು, ನಿತ್ಯಾಳನ್ನು ಕೇಳಿದ ಹಾಗಿರಲಿಲ್ಲ. ಆಮೇಲೆ, ಕಾಲಂ ತಿರುಗಿಸಬೇಡ, ಆ ಚುಕ್ಕೆ ಇದ್ದ ಹಾಗೇ ಇರಲಿ, ಕೆಳಗೆ ಟಿಪ್ಪಣಿ ಹಾಕು, ಸೊನ್ನೆಗಳ ಬಗ್ಗೆ ಸೋಮವಾರ ಕೂತು ಮಾತಾಡೋಣ, ಟೀಚರ್‌ಗೆ ನನ್ನ ನಮಸ್ಕಾರ ಹೇಳು ಎಂದರು.

ಜಗಲಿಗೆ ಮರಳಿದ ನಿತ್ಯಾ ತನ್ನ ನೋಟುಪುಸ್ತಕವನ್ನೂ ಪೆನ್ನನ್ನೂ ಮುಂದಿಟ್ಟಳು. "ಅಜ್ಜಿ, ಬೇಡ ಅಂದರೆ ಬೇಡ. ನಿಮ್ಮ ಹೆಸರು ಪುಸ್ತಕದಲ್ಲಿ ತಪ್ಪು ಮಾಡಿದವರು ಅಂತ ಉಳಿಯುತ್ತೆ."

"ಒಂದೇ ದಿನದಲ್ಲಿ ಐವತ್ತು ಗಂಡಸರನ್ನ ಕೆಲಸದಿಂದ ತೆಗೆದವಳು ನಾನು," ಎಂದರು ವೇದವತಿಯಮ್ಮ. "ಒಂದು ಸಹಿಗೆ ಹೆದರಲಾ?"

"ನನ್ನ ಹೆಸರೂ ಹಾಕಿ," ಎಂದಳು ಕುಪ್ಪಮ್ಮ. "ರಾಮಾಯಿದೂ ಹಾಕಿ. ಅವಳು ಮೇಲಿಂದ ನೋಡಲಿ."

ಬೀದಿಯ ಬಿಸಿಲು ಜಗಲಿಯ ಮೆಟ್ಟಿಲಿಗೆ ಬಂದಿತ್ತು. ವೇದವತಿಯಮ್ಮ ಪುಸ್ತಕವನ್ನು ಮಂಡಿಯ ಮೇಲಿಟ್ಟು ತಮಿಳಿನಲ್ಲಿ ಬರೆಯತೊಡಗಿದರು, ಅದೇ ಹಳೆಯ ದುಂಡು ಅಕ್ಷರ. ತಾನು ಯಾರು, ಯಾವ ದಿನ ಬಂದೆ, ಯಾರನ್ನು ಕೇಳಿದೆ, ಯಾರಿಗಾಗಿ ಕಾಯದೆ ಹೋದೆ. ಎರಡನೇ ಸಲ ಬಂದಾಗ ಮಗ್ಗಗಳ ಸದ್ದು ಕೇಳಿಯೂ ತಿದ್ದಲಿಲ್ಲ ಎಂಬ ಸಾಲಿಗೆ ಬಂದಾಗ ಕೈ ತಡೆಯಿತು. ನಿತ್ಯಾ ಅದನ್ನು ಕಂಡು, ಮೆಟ್ಟಿಲಿಳಿದು, ಬೀದಿಯ ಆ ತುದಿಯವರೆಗೆ ಸುಮ್ಮನೆ ನಡೆದು ಹೋದಳು. ಕುಪ್ಪಮ್ಮ ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು. ವೇದವತಿಯಮ್ಮ ಆ ಸಾಲನ್ನೂ ಬರೆದರು. ಹೆಂಗಸರ ಲೆಕ್ಕ ಐವತ್ತೆಂಟು ಸರಿಯಾಗಿದೆ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ಸಹಿ ಹಾಕಿದರು.

ತಲೆಯೆತ್ತಿದಾಗ ಬಾಗಿಲಲ್ಲಿ ಅರವತ್ತು ದಾಟಿದ ಗಂಡಸೊಬ್ಬ ನಿಂತಿದ್ದ. ಕುಪ್ಪಮ್ಮನ ಮಗ ಕುಮರೇಶನ್. ಸೊಸೆ ಗೋಕಿಲಾ ಬೆಳಿಗ್ಗೆಯೇ ವ್ಯಾನು ಹತ್ತಿ ತಿರುಪ್ಪೂರಿಗೆ ಹೊಲಿಗೆಗೆ ಹೋಗಿದ್ದಾಳೆ, ಸಂಜೆ ಏಳಕ್ಕೇ ಬರುವುದು ಎಂದು ಕುಪ್ಪಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. ಅವನ ಹೆಗಲ ಮೇಲೆ ಮಸಿ ತಾಗಿದ ಟವಲಿತ್ತು, ಮುಂಗೈಗೆ ಅನ್ನ ಬಸಿದ ಗಂಜಿ ಇನ್ನೂ ಅಂಟಿತ್ತು. ಬರೆಯುವುದು ಮುಗಿಯಲೆಂದು ಎಷ್ಟು ಹೊತ್ತಿನಿಂದ ಅಲ್ಲಿ ಕಾದಿದ್ದನೋ. ಮುಂದೆ ಬಂದು ಅವರ ಮಂಡಿಯ ಮೇಲಿಂದ ನೋಟುಪುಸ್ತಕವನ್ನು ಎತ್ತಿ ಪಕ್ಕಕ್ಕಿಟ್ಟು, ಗಾಳಿಗೆ ಹಾಳೆ ಹಾರದಂತೆ ಅದರ ಮೇಲೆ ಪೆನ್ನಿಟ್ಟ. ಆಮೇಲೆ ಬಿಸಿ ಅನ್ನ, ಹುರುಳಿಯ ಸಾರು, ಒಂದಿಷ್ಟು ಬದನೆಕಾಯಿ ಪಲ್ಯ ಹಾಕಿದ ತಟ್ಟೆಯನ್ನು ಒಳಗಿಂದ ತಂದು, ಕೈ ಸುಡದಿರಲೆಂದು ಕೆಳಗೆ ಟವಲು ಮಡಿಸಿಟ್ಟು, ಅವರ ಕೈಗೆ ಕೊಟ್ಟ.